ಅವ್ವನ ಕೈಗೆ ಅಂಟುವಾಳ

ಊರೂರು ಸುತ್ತಿ ಬಟ್ಟೆ ಪೌಡರ್ ಮಾರುವ ಸಂಬಳದವನು ನಾನು. ಹುಲ್ಲಹಳ್ಳಿಯಿಂದ ಬಿಳಿಗೆರೆವರೆಗಿನ ಅಂಗಡಿಗಳಲ್ಲಿ ನನ್ನ ಮಾತು ಎಷ್ಟು ನಡೆಯುತ್ತಿತ್ತೋ ಗೊತ್ತಿಲ್ಲ, ಮನೆಯಲ್ಲಂತೂ ನನ್ನ ಸ್ಯಾಂಪಲ್ ಪ್ಯಾಕೆಟ್ಟುಗಳು ಧಾರಾಳವಾಗಿ ನಡೆಯುತ್ತಿದ್ದವು. ಅವ್ವ ಸಣ್ಣತಾಯಮ್ಮ ಐದು ವರ್ಷ ಅದರಲ್ಲೇ ಬಟ್ಟೆ ಒಗೆದಳು. ಮಗ ತಂದದ್ದೆಂಬ ಹೆಮ್ಮೆಗೆ ಒಂದು ಚಮಚ ಜಾಸ್ತಿಯೇ ಸುರಿಯುತ್ತಿದ್ದಳು.

ಎರಡು ಸಾವಿರದ ನಾಲ್ಕರ ಹೊತ್ತಿಗೆ ಅವಳ ಬೆರಳ ಸಂದುಗಳೆಲ್ಲ ಬಿರಿದು ನೀರೊಸರತೊಡಗಿದವು. ಅವಳು ಶಾಲೆಯ ಬಿಸಿಯೂಟದ ಅಡುಗೆಯವಳು. ದಸರಾ ರಜೆಯ ಹಿಂದಿನ ದಿನ ಹೆಡ್‌ಮೇಷ್ಟ್ರು ಕೈ ನೋಡಿ, "ರಜೆ ಮುಗಿಯೋದ್ರೊಳಗೆ ವಾಸಿ ಮಾಡ್ಕೊಳಮ್ಮ. ಇಲ್ದಿದ್ರೆ ಬೇರೆಯವರನ್ನ ನೋಡ್ಬೇಕಾಗುತ್ತೆ" ಎಂದರು. ಅವ್ವ ಅವತ್ತು ಉಣ್ಣಲಿಲ್ಲ. ನೂರಿಪ್ಪತ್ತು ಮಕ್ಕಳಲ್ಲಿ ಯಾರು ಎರಡನೇ ಸಲ ಸಾರು ಕೇಳುತ್ತಾರೆಂದು ಬಲ್ಲವಳಿಗೆ ಆ ಒಲೆ ಕೈತಪ್ಪೀತೆಂಬುದೇ ಸಂಕಟ.

ಆಸ್ಪತ್ರೆಯಲ್ಲಿ ಮುಲಾಮು ಕೊಟ್ಟು, ಪೌಡರ್ ಮುಟ್ಟಬೇಡ ಎಂದರು. "ನಮ್ಮ ಪೌಡ್ರು ಅಂಥದ್ದಲ್ಲ ಕಣವ್ವ" ಎಂದು ನಾನು ವಾದಿಸಿದೆ. ಕಮಿಷನ್ ಸಿಗದ ಕಡೆಯೂ ನನ್ನ ಬಾಯಿ ಸುಮ್ಮನಿರದು.

ಅವ್ವ ಪೆಟ್ಟಿಗೆ ತೆಗೆದು ಮದುವೆಯ ರೇಷ್ಮೆ ಸೀರೆ ಹೊರಗಿಟ್ಟಳು. ಮೂವತ್ತು ವರ್ಷದಿಂದ ಅದಕ್ಕೆ ಅಂಟುವಾಳದ ನೊರೆ ಬಿಟ್ಟು ಬೇರೇನನ್ನೂ ಸೋಕಿಸಿರಲಿಲ್ಲ.

"ಸೀರೆಗೊಂದು ನ್ಯಾಯ, ನನ್ ಕೈಗೊಂದು ನ್ಯಾಯನೇನ್ಲಾ?"

ಮುಡುಕುತೊರೆಯ ಚಿಕ್ಕಮ್ಮ ರಾಚಮ್ಮ ಒಂದು ಚೀಲ ಅಂಟುವಾಳದ ಕಾಯಿ ಕಳಿಸಿದಳು. ಅವ್ವ ಬೀಜ ಬಿಡಿಸಿ, ಸಿಪ್ಪೆ ನೆನೆಹಾಕಿ, ಕಿವುಚಿ ಸೋಸಿದ ನೀರಿನಲ್ಲೇ ಮನೆಯ ಬಟ್ಟೆಯನ್ನೆಲ್ಲ ಒಗೆಯತೊಡಗಿದಳು. ಹತ್ತು ದಿನಕ್ಕೆ ಬಿರುಕು ಕೂಡಿಕೊಳ್ಳುತ್ತಾ ಬಂತು.

ನನಗೆ ಮಾತ್ರ ಅಂಗಿಯ ಚಿಂತೆ. ಮೈಸೂರಿನಲ್ಲಿ ಮೀಟಿಂಗು, ಪೌಡರ್ ಮಾರುವವನ ಕಾಲರ್ರೇ ಮಂಕಾದರೆ ಹೇಗೆ? ಅವಳು ಹಸುವಿಗೆ ಹುಲ್ಲು ಹಾಕಲು ಹೋದಾಗ ಬಕೆಟ್ಟಿಗೆ ಒಂದು ಹಿಡಿ ಪೌಡರ್ ಸೇರಿಸಿದೆ. ಬಂದವಳು ಕೈ ಅದ್ದಿ, ಚುರ್ರೆಂದು ಹಿಂದಕ್ಕೆಳೆದುಕೊಂಡಳು.

"ಏನ್ ಆಕಿದ್ದೀಯಾ ಇದ್ಕೆ?"

"ಒಂಚೂರು..."

"ಇಸ್ಕೂಲು ತೆಗ್ಯಕ್ಕೆ ನಾಕು ದಿನ ಅದೆ. ನಿನ್ ಕಾಲರ್ರು ಬೆಳ್ಳಗಿರ್ಲಿ, ನಾನು ಮನೇಲಿ ಕೂತ್ಕತೀನಿ ಬುಡು."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ನಾಲ್ಕು ದಿನ ಬಟ್ಟೆಯೆಲ್ಲ ನಾನೇ ಒಗೆದೆ, ಅಂಟುವಾಳದಲ್ಲೇ. ಅವ್ವ ಎಣ್ಣೆ ಹಚ್ಚಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯ ಮೇಲೆ ಕೂತು, "ಅಂಗಿ ಕಂಕ್ಳು ಬುಟ್ಟೆ, ಉಜ್ಜು" ಎಂದು ಉಸ್ತುವಾರಿ ನಡೆಸಿದಳು.

ಶಾಲೆ ತೆರೆದ ದಿನ ನಾನೂ ಜೊತೆಗೆ ಹೋದೆ. ಹೆಡ್‌ಮೇಷ್ಟ್ರು ಅವಳ ಅಂಗೈ, ಬೆರಳ ಸಂದು ಎಲ್ಲ ನೋಡಿದರು.

"ಪರವಾಗಿಲ್ವೇ. ಏನು ಹಾಕ್ದೆ ಇದಕ್ಕೆ?"

ಯಾರು ಏನು ಕೇಳಿದರೂ ನಮ್ಮ ಪೌಡರಿನ ಹೆಸರನ್ನೇ ಹೇಳುವ ನಾಲಿಗೆಯನ್ನು ನಾನು ಕಚ್ಚಿಕೊಂಡೆ.

"ಅಂಟುವಾಳ ಸಾ. ಬೇಳೆ ಎಲ್ಲಿಟ್ಟವ್ರೆ?" ಎಂದ ಅವ್ವ ಆಗಲೇ ಸೆರಗು ಸಿಕ್ಕಿಸಿಕೊಂಡಿದ್ದಳು.