ವಿಡಿಯೊ ಮೇಲೆ ನನ್ನದೇ ನಂಬರ್

ಹೋದ ಸೋಮವಾರ ನಾನು ಕಳ್ಳಿಯಾದೆ. ನನಗೇ ಗೊತ್ತಿಲ್ಲದೆ!

ವಾಡಿಯಿಂದ ಮಹಾನಂದಾ ಟೀಚರ್ ಫೋನ್ ಮಾಡಿದ್ದರು. "ಅಕ್ಕ, ನನ್ನ ಬ್ಲೌಸ್ ಕಟಿಂಗ್ ವಿಡಿಯೊ ವಾಟ್ಸಾಪ್ ಗ್ರೂಪಿನಾಗ ಓಡಾಡಾಕತ್ತಾವ. ಅವುಗಳ ಮ್ಯಾಲ ನಿಮ್ಮ ನಂಬರ್ ಅದ."



ಮಹಾನಂದಾ ರೈಲ್ವೆ ಕ್ವಾರ್ಟರ್ಸಿನಲ್ಲಿ ಹೊಲಿಗೆ ಕಲಿಸುವವರು. ಬೆನ್ನುನೋವು ಶುರುವಾದ ಮೇಲೆ ಮಷಿನ್ ತುಳಿಯುವುದು ಕಷ್ಟವಾಯಿತು. ಪಾಠಗಳನ್ನೇ ವಿಡಿಯೊ ಮಾಡಿ ಒಂದು ಆ್ಯಪ್‌ನಲ್ಲಿ ಇಟ್ಟರು. ಸದ್ದು ಬರುತ್ತದೆಂದು ಕಡು ಬೇಸಿಗೆಯಲ್ಲೂ ಫ್ಯಾನ್ ಬಂದ್. ನಡುವೆ ರೈಲು ಗಾಡಿ ಸೀಟಿ ಹೊಡೆದರೆ ಮತ್ತೆ ಮೊದಲಿನಿಂದ. (ವಾಡಿಯಲ್ಲಿ ಗಾಡಿ ಸೀಟಿ ಹೊಡೆಯದ ಹೊತ್ತು ಯಾವುದು?)

ನಾನೂ ದುಡ್ಡು ಕಟ್ಟಿ ಆ ಆ್ಯಪ್‌ನಲ್ಲೇ ಕಲಿಯುತ್ತಿದ್ದೇನೆ. ಅದಕ್ಕೆ ಕಾವಲು ಬಿಗಿ. ಸ್ಕ್ರೀನ್ ರೆಕಾರ್ಡ್ ಮಾಡಲು ಹೋದರೆ ಪರದೆ ಕಪ್ಪಾಗುತ್ತದೆ. ಮೇಲಾಗಿ, ನೋಡುವವರ ಫೋನ್ ನಂಬರ್ ವಿಡಿಯೊ ಮೇಲೆ ಮಸುಕಾಗಿ ತೇಲುತ್ತಿರುತ್ತದೆ. ಕದ್ದರೆ ಯಾರು ಕದ್ದರೆಂದು ಅದೇ ಹೇಳುತ್ತದೆ.

ಹಾಗಾದರೆ ನಾನು ಯಾವಾಗ ಕದ್ದೆ?

ಆಗ ನೆನಪಾದಳು ನಾದಿನಿ ಸುನಂದಾ. ಚಿಂಚೋಳಿ ಕಡೆಯ ಹಳ್ಳಿಯವಳು. ಹೋದ ತಿಂಗಳು ಸೇಡಂಗೆ ನಮ್ಮ ಮನೆಗೆ ಬಂದಾಗ ಮಧ್ಯಾಹ್ನವೆಲ್ಲ ನನ್ನ ಫೋನ್ ಅವಳ ಕೈಯಲ್ಲೇ ಇತ್ತು. ಫೋನ್ ಮಾಡಿ ಕೇಳಿದೆ.

"ಹೌದ್ರಿ ವೈನಿ, ನಿಮ್ಮ ಫೋನ್ ಮುಂದ ನನ್ನ ಫೋನ್ ಹಿಡಿದು ಶೂಟ್ ಮಾಡ್ಕೊಂಡೆ. ನಮ್ಮೂರಾಗ ನೆಟ್ ಸರಿ ಬರಂಗಿಲ್ಲ. ಓಣಿ ಹೆಣ್ಮಕ್ಕಳು ಕೇಳಿದ್ರು, ಕಳಿಸ್ದೆ. ತಪ್ಪೇನ್ರಿ?"

ಬೈಯಬೇಕೆಂದುಕೊಂಡೆ. ಬಾಯಿ ಬರಲಿಲ್ಲ. ಯಾರೋ ಕಳಿಸಿದ ಹೊಸ ಸಿನಿಮಾವನ್ನು ನಾನೂ ಮಂಚದ ಮೇಲೆ ಮಲಗಿ ನೋಡಿದವಳೇ.

ಭಾನುವಾರ ಅವಳನ್ನು ಕರೆದುಕೊಂಡು ವಾಡಿಗೆ ಹೋದೆ. ಟೀಚರ್ "ಕುಂದ್ರಿ" ಎಂದು ನೀರು ಕೊಟ್ಟರು.

"ಇದು ಕಳುವು ಅಂತ ತಿಳಿಲಿಲ್ರಿ ಅಕ್ಕೋರೆ," ಎಂದಳು ಸುನಂದಾ.

"ತೋಳು ಕೂಡಿಸೋ ಪಾಠ ಒಂದಕ್ಕೇ ನಂಗ ಮೂರು ದಿನ ಹಿಡೀತು. ಇನ್ನ ಯಾರರ ಯಾಕ ನನ್ನ ಹತ್ರ ಕಲಿಯಾಕ ಬರ್ತಾರ?" ಎಂದರು ಟೀಚರ್.

ಸುನಂದಾ ಅತ್ತಳು. ಆಮೇಲೆ ಅಲ್ಲೇ ಕುಳಿತು ಗ್ರೂಪಿಗೆ ಧ್ವನಿ ಸಂದೇಶ ಕಳಿಸಿದಳು: "ಆ ವಿಡಿಯೊ ನಾ ಕದ್ದದ್ದು. ಎಲ್ಲಾರೂ ಡಿಲೀಟ್ ಮಾಡ್ರಿ, ಕೈ ಮುಗೀತೀನಿ." ಕೆಲವರು ಮಾಡಿದರು. ಒಬ್ಬಳು ನಗುವ ಗೊಂಬೆ ಕಳಿಸಿದಳು. ಉಳಿದವರು ಮಾಡಿದರೋ ಇಲ್ಲವೋ, ಯಾವ ಆ್ಯಪ್ ಹೇಳುತ್ತದೆ?

ಟೀಚರ್ ಎಲ್ಲ ಕೇಳುತ್ತ ನಿಂತಿದ್ದರು. "ನೆಟ್ ಇಲ್ಲಂದ್ರ ನನಗ ಹೇಳಬೇಕಿತ್ತಲ್ಲವ್ವ," ಎಂದು ಅವಳ ಫೋನ್ ಇಸಿದುಕೊಂಡರು. ಆ್ಯಪ್ ಹಾಕಿ, ಪಾಠಗಳನ್ನೆಲ್ಲ ಡೌನ್‌ಲೋಡ್ ಮಾಡಿಕೊಟ್ಟರು. ನೆಟ್ ಇಲ್ಲದೆಯೂ ನೋಡಬಹುದು, ಆದರೆ ಆ ಆ್ಯಪ್‌ನೊಳಗೆ ಮಾತ್ರ.

"ಈಗ ನಿನ್ನ ನಂಬರ್ ಬರ್ತದ, ಜ್ವಾಕಿ!" ಎಂದರು. ಆಗಷ್ಟೇ ಅವರ ಮುಖದಲ್ಲಿ ಸ್ವಲ್ಪ ನಗು ಕಂಡಿತು. ನನ್ನ ಕಡೆ ತಿರುಗಿ, "ನಿಮ್ಮ ಅಕೌಂಟ್ ಮಾತ್ರ ಒಂದು ತಿಂಗಳು ಬಂದ್, ಅಕ್ಕ," ಎಂದರು. ನಾನು ಜಗಳ ತೆಗೆಯಲಿಲ್ಲ.

ನಿಮ್ಮ ಫೋನಿನಲ್ಲಿ ಪುಕ್ಕಟೆ ಬಂದು ಕುಳಿತಿರುವ ಆ ವಿಡಿಯೊ ಯಾರ ದುಡಿಮೆ ಅಂತ ಎಂದಾದರೂ ಕೇಳಿದ್ದೀರಾ?