ಕಡಲೆ ಗಿಡದ ಹುಳಿಹನಿ

ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು, ಫೋನಿಗೆ ಸಿಕ್ಕಿಸುವ ಪುಟ್ಟ ಲೆನ್ಸನ್ನು ಒರೆಸುತ್ತಿದ್ದೇನೆ. ಅದರ ಬಟ್ಟೆಚೀಲದಲ್ಲಿ ಇನ್ನೂ ಹುಳಿ ವಾಸನೆ ಇದೆ. ಒಳಗೆ ಅವ್ವನ ಕುತ್ತಿಗೆಯ ಥೈರಾಯ್ಡ್ ಗಂಟು ತೆಗೆಯುತ್ತಿದ್ದಾರೆ. ಧ್ವನಿ ಹೋಗುವ ಸಾಧ್ಯತೆ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನಲಾಗದು ಎಂದಿದ್ದಾರೆ ಡಾಕ್ಟರು. ಚರ್ಚಾಸ್ಪರ್ಧೆಯಲ್ಲಿ ಎದುರಾಳಿ ಹೀಗೆಂದಿದ್ದರೆ ಆ ವಾಕ್ಯವನ್ನು ಹರಿದು ಹಾಕುತ್ತಿದ್ದೆ. ಇಂದು ಅದನ್ನೇ ತಬ್ಬಿಕೊಂಡು ಕೂತಿದ್ದೇನೆ.

ನಿಮಗೆ ಗೊತ್ತಿರಲಿ, ಅವ್ವನದು ಸಾಮಾನ್ಯ ಧ್ವನಿಯಲ್ಲ. ವಿನೋಬನಗರದ ನಮ್ಮ ಬಾಗಿಲಲ್ಲಿ ನಿಂತು ಕೂಗಿದರೆ ತಿರುವಿನಾಚೆ ಆಟೊ ನಿಲ್ಲುತ್ತಿತ್ತು. ನನ್ನ ಟ್ರೋಫಿಗಳೆಲ್ಲ ಆ ಗಂಟಲಿನ ಕೊಡುಗೆ. ಆಪರೇಷನ್ ಎಂದಾಗ ಅವಳು, "ಬ್ಯಾಡ. ಮೂಕಿಯಾಗಿ ಬದುಕಾಕೆ ನನ್ನ ಕೈಲಾಗಲ್ಲ," ಎಂದು ಹರಿಹರದ ಚಿಕ್ಕಮ್ಮನ ಹೊಲಕ್ಕೆ ಹೊರಟುಬಿಟ್ಟಳು. ಚಳಿಗಾಲದಲ್ಲಿ ಕಡಲೆ ಗಿಡದ ಮೇಲಿನ ಇಬ್ಬನಿ ಹುಳಿಯಾಗಿರುತ್ತದೆ. ಬೆಳಗಿನ ಜಾವ ಅದರ ಮೇಲೆ ಬಿಳಿ ಬಟ್ಟೆ ಹಾಸಿ, ನೆನೆದ ಮೇಲೆ ಹಿಂಡಿ, ಬಾಟಲಿಗೆ ತುಂಬುತ್ತಾರೆ. ಹೊಟ್ಟೆನೋವಿಗೆ ಒಂದು ಚಮಚ ಕುಡಿಸುವುದು ವಾಡಿಕೆ. ಕುತ್ತಿಗೆಯ ಗಂಟೂ ಅದರಿಂದ ಕರಗುತ್ತದೆಂದು ಅವ್ವ ನಂಬಿದ್ದಳು.

ನಾನು ಬಿಡುತ್ತೇನೆಯೇ? ಬೆನ್ನಿಗೇ ಹೋಗಿ ಹೊಲದ ಬದುವಿನಲ್ಲೇ ಶುರು ಮಾಡಿದೆ. ಪುರಾವೆ ಏನು, ಯಾರಿಗೆ ಕರಗಿದೆ, ಕರಗದಿದ್ದರೆ ಯಾರು ಹೊಣೆ.

ಅವ್ವ ಬಟ್ಟೆ ಹಿಂಡುತ್ತಲೇ, "ಲಾಯರಮ್ಮ, ಬಾಯಿ ಮುಚ್ಚಿದ್ರೆ ನಿನಗೇನು ನಷ್ಟ ಐತೆ?" ಎಂದಳು.

"ಅಕ್ಕಾ, ಆಪರೇಷನ್ ಇವಳ ಗಂಟಲಿಗೇ ಮಾಡಸ್ಬೇಕಿತ್ತು ಬಿಡು," ಎಂದಳು ಚಿಕ್ಕಮ್ಮ.

ಸಿಟ್ಟಿಗೆ ಲೆನ್ಸ್ ತೆಗೆದು ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತೆ. ಎಸ್.ಎಸ್. ಬಡಾವಣೆಯ ಗೆಳತಿ, ಹತ್ತಿರದ ಚಿತ್ರ ತೆಗೆದರೆ ಮನಸ್ಸು ಶಾಂತವಾಗುತ್ತದೆಂದು ಅದನ್ನು ಕೊಟ್ಟಿದ್ದಳು. ಅವಳೊಂದಿಗೂ ವಾದಿಸಿ ಗೆದ್ದಿದ್ದೆ. ಆದರೆ ಇಷ್ಟು ಹತ್ತಿರದಿಂದ ತೆಗೆಯುವಾಗ ಉಸಿರಾಡಿದರೂ ಚಿತ್ರ ಕೆಡುತ್ತದೆ. ಉಸಿರು ಹಿಡಿದವರು ವಾದ ಮಾಡಲಾರರು. ಎಲೆಯ ಒಂದೊಂದು ರೋಮದ ತುದಿಗೂ ಒಂದು ಹನಿ, ಹನಿಯೊಳಗೆ ತಲೆಕೆಳಗಾದ ಹೊಲ, ಬಟ್ಟೆ ಹಿಡಿದು ನಿಂತ ಚಿಕ್ಕಮ್ಮ. ಎದೆಬಡಿತ ನಿಧಾನವಾಗುವುದು ನನಗೇ ಕೇಳಿಸಿತು.

"ಅವ್ವಾ, ಈ ಟೊಂಗೆ ಬಗ್ಗೈತೆ, ಸ್ವಲ್ಪ ಎತ್ತಿ ಹಿಡ್ಕೊ."

ಹಿಡಿದಳು. ಆಮೇಲೆ ಚಿತ್ರ ನೋಡಿದೆವು. ಪಕ್ಕದ ಟೊಂಗೆಯ ಹನಿಗಳು ಗಾಜಿನ ಮಣಿಗಳಂತೆ ನಿಂತಿದ್ದವು. ಅವಳು ಹಿಡಿದದ್ದು ಮಾತ್ರ ಹೊಗೆ. ಅವಳ ಕೈನಡುಕ ಆ ಗಂಟಿನದೇ ಎಂದು ಡಾಕ್ಟರು ಹೇಳಿದಾಗ ಅವಳು, ಚಳಿಗೆ ಎಂದಿದ್ದಳು.

"ಇನ್ನೊಂದು ತೆಗಿ."

ತೆಗೆದೆ. ಅದೂ ಹಾಗೇ. ಅವ್ವ ಸ್ವೆಟರಿನ ತೋಳು ಕೆಳಗೆಳೆದುಕೊಂಡು, ಎರಡೂ ಕೈಯಲ್ಲಿ ಹಿಡಿದಳು. ಅದೂ ಹಾಗೇ. ಗೆಲ್ಲುವ ವಾಕ್ಯ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಉಸಿರು ಹಿಡಿದೇ ಕೂತೆ.

ಅವಳು ಮೂರೂ ಚಿತ್ರಗಳನ್ನು ಒಂದೊಂದಾಗಿ ಸರಿಸಿ ನೋಡಿದಳು. ಫೋನು ವಾಪಸು ಕೊಟ್ಟು, "ಡಾಕ್ಟ್ರು ಯಾವತ್ತು ಬರಾಕೆ ಹೇಳ್ಯಾರೆ?" ಎಂದಳು.

ಈಗ ಕಾರಿಡಾರಿನ ಕಿಟಕಿಯ ಕುಂಡದಲ್ಲಿರುವ ಎಲೆಗೆ ಲೆನ್ಸ್ ಹಿಡಿದಿದ್ದೇನೆ. ಎಲೆಯ ಅಂಚಿಗೊಂದು ಇರುವೆ. ತೆಗೆದದ್ದೆಲ್ಲ ಮಸುಕು. ನರ್ಸ್ ಬಾಗಿಲು ತೆರೆದು, "ಬರ್ರಿ, ನಿಮ್ಮ ಅವ್ವಗೆ ಎಚ್ಚರಾಗೈತೆ," ಎನ್ನುತ್ತಾರೆ.

ಅವ್ವ ಕಣ್ಣು ಬಿಟ್ಟಿದ್ದಾಳೆ. ತುಟಿ ಅಲುಗುತ್ತದೆ, ಏನೂ ಕೇಳಿಸುವುದಿಲ್ಲ. ಉಸಿರು ಹಿಡಿದು ಬಗ್ಗುತ್ತೇನೆ, ಹನಿಗೆ ಬಗ್ಗುವಷ್ಟು ಹತ್ತಿರ.

"ಲಾಯರಮ್ಮ," ಎನ್ನುತ್ತದೆ ಒಡಕು ಸಣ್ಣ ಸ್ವರ, "ಯಾಕ ಸುಮ್ನಿದೀ?"