ಒಂದೇ ಮ್ಯಾಚ್ ಆಡಿದವನ ಕಥೆ

ಹಳೆಯ ಕಾಲದ ಫುಟ್‌ಬಾಲ್ ಆಟಗಾರನೊಬ್ಬ ಇಂಗ್ಲೆಂಡ್ ತಂಡಕ್ಕೆ ಒಂದೇ ಮ್ಯಾಚ್ ಆಡಿ, ಓದು ಮುಖ್ಯವೆಂದು ತಾನಾಗಿಯೇ ಆಟ ಬಿಟ್ಟು ಶಾಲಾ ಮೇಷ್ಟ್ರಾದನಂತೆ. ಅಪ್ಪ ಹೇಳುವ ಈ ಕಥೆಯನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ನಾರ್ತ್‌ವಿಲ್‌ನ ನಮ್ಮ ಕನ್ನಡದವರ ಮನೆಗಳಲ್ಲಿ ಮಕ್ಕಳು ಹತ್ತನೇ ಗ್ರೇಡಿಗೆ ಬಂದರೆ ಆಟ ಬಿಡಿಸುವುದು ವಾಡಿಕೆ. ನನಗೂ ಇದೇ ಕಥೆ ಹೇಳಿ ಬಿಡಿಸಿದ್ದರು. ಈ ವರ್ಷ ತಂಗಿಯ ಸರದಿ. ಅವಳು ಟೀಮಿಗೆ ಸೇರಲು ಬೇಕಾದ ಒಪ್ಪಿಗೆಯ ಫಾರ್ಮು ವಾರದಿಂದ ಅಪ್ಪನ ಸಹಿಯಿಲ್ಲದೆ ಊಟದ ಮೇಜಿನ ಮೇಲೆ ಬಿದ್ದಿತ್ತು.

ನಾನು ಹಳೆಯ ಪತ್ರಿಕೆಗಳನ್ನು ಹುಡುಕಿ ಓದಿದೆ. ಆತ ಆ ಮ್ಯಾಚಿಗೂ ಮೊದಲೇ ಮೇಷ್ಟ್ರು. ಆಮೇಲೂ ವರ್ಷಗಟ್ಟಲೆ ಊರಿನ ಕ್ಲಬ್ಬಿಗೆ ಆಡಿದ. ದೇಶದ ತಂಡದಿಂದ ಮಾತ್ರ ಮತ್ತೆ ಕರೆ ಬರಲಿಲ್ಲ.

ವಾರೆನ್‌ನ ಆಫೀಸಿನಿಂದ ಡ್ರೈವ್ ಮಾಡಿ ದಣಿದು ಬಂದ ಅಪ್ಪನಿಗೆ ಇದನ್ನು ಹೇಳಿದೆ.

"ಶುರುವಾಯ್ತಾ ನಿನ್ನ ಡಿಬೇಟು? ಊಟ ಮಾಡೋಕೆ ಬಿಡಮ್ಮ."

ತಂಗಿ ಫಾರ್ಮನ್ನು ಅವರತ್ತ ಸರಿಸಿದಳು. "ಪ್ಲೀಸ್, ಡ್ಯಾಡ್."

ನನಗೂ ವಾದಿಸಿ ಸಾಕಾಗಿತ್ತು. ಅಪ್ಪನೂ ಮೈಸೂರಿನಲ್ಲಿ ಯೂನಿವರ್ಸಿಟಿ ತಂಡಕ್ಕೆ ಒಂದೇ ಮ್ಯಾಚ್ ಆಡಿದವರು. ಓದಿಗಾಗಿ ಬಿಟ್ಟೆ ಅನ್ನುತ್ತಿದ್ದರು.

"ಅಪ್ಪ, ನಿಜ ಹೇಳಿ. ಆಟನ ನೀವೇ ಬಿಟ್ರಾ, ಇಲ್ಲಾ ಅವರು ಮತ್ತೆ ಕರೀಲೇ ಇಲ್ವಾ?"